ತಕ್ಕಡಿಯ ಮೇಲಿರುವುದು ಯಾವ ಸುಣ್ಣ?

(ಶಿರಸಿಯಲ್ಲಿ ಪ್ರೌಢಶಾಲೆ ಹಾಗೂ ಪಿಯು ವಿದ್ಯಾರ್ಥಿಗಳು ಮತ್ತು ಅವರ ವಿಜ್ಞಾನ ಶಿಕ್ಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ರಸಾಯನಶಾಸ್ತ್ರದ ಲೆಕ್ಕ ಎಂದ ಕೂಡಲೇ ಮಕ್ಕಳು ಸೂತ್ರ ಹುಡುಕುತ್ತಾರೆ. ತೂಕವನ್ನು ಮೋಲಾರ್ ರಾಶಿಯಿಂದ, ಅಂದರೆ ಒಂದು ಮೋಲ್ ವಸ್ತು ತೂಗುವ ಗ್ರಾಂನಿಂದ, ಭಾಗಿಸಬೇಕು ಎನ್ನುವುದು ಬಹಳ ಮಂದಿಗೆ ಬಾಯಿಪಾಠ. ಹಾಗಿದ್ದೂ ಉತ್ತರ ತಪ್ಪುತ್ತದೆ. ಉತ್ತರಪತ್ರಿಕೆ ನೋಡಿದರೆ ಭಾಗಾಕಾರ ಸರಿಯಾಗಿಯೇ ಇರುತ್ತದೆ, ತಪ್ಪು ಅದಕ್ಕಿಂತ ಒಂದು ಹೆಜ್ಜೆ ಹಿಂದೆ ಆಗಿರುತ್ತದೆ. ತೂಗಿದ ವಸ್ತು ಯಾವುದು, ಯಾವ ರೂಪದಲ್ಲಿದೆ, ಅದರಲ್ಲಿ ನೀರೆಷ್ಟು, ಕಸವೆಷ್ಟು ಎಂದು ಯಾರೂ ಕೇಳಿಕೊಂಡಿರುವುದಿಲ್ಲ. ಆ ಪ್ರಶ್ನೆಯನ್ನು ಕೇಳಿಕೊಳ್ಳುವುದು ಹೇಗೆ ಎಂದು ತೋರಿಸಲಿಕ್ಕೆ ಇವತ್ತು ಒಂದೇ ಸಾಮಾನಿನ ಬೆನ್ನು ಹತ್ತೋಣ: ಸುಣ್ಣ. ಅಘನಾಶಿನಿ ಅಳಿವೆಯ ಬಳಚಿನ ಚಿಪ್ಪಿನಿಂದ ಹೊರಟು, ಘಟ್ಟ ಹತ್ತಿ, ನಿಮ್ಮ ಮನೆಯ ತೋಟದಲ್ಲಿ ಅಡಿಕೆಗೆ ಹೊಡೆಯುವ ಮದ್ದು, ಬೋರ್ಡೋ ದ್ರಾವಣ ಕಲಸುವ ಬ್ಯಾರಲ್ಲಿನ ತನಕ.

ಮೊದಲು ಮೋಲ್. ಪರಮಾಣುಗಳು ಕೂಡುವುದು ಎಣಿಕೆಯ ಮೇಲೆ, ನಾವು ಅಳೆಯುವುದು ತೂಕದಲ್ಲಿ. ತೆಂಗಿನಕಾಯಿ ವ್ಯಾಪಾರದಲ್ಲಿ ಇದೇ ಇದೆ. ಒಂದು ಕಾಯಿಯ ಸರಾಸರಿ ತೂಕ ಗೊತ್ತಿದ್ದರೆ, ಚೀಲ ಬಿಚ್ಚಿ ಎಣಿಸದೆಯೂ ಒಳಗೆ ಎಷ್ಟು ಕಾಯಿ ಇದೆ ಎಂದು ಹೇಳಬಹುದು. ಪರಮಾಣು ರಾಶಿ ಕೂಡ ಸರಾಸರಿಯೇ. ಕ್ಲೋರಿನ್ನಿನಲ್ಲಿ 35 ಮತ್ತು 37 ರಾಶಿಸಂಖ್ಯೆಯ ಪರಮಾಣುಗಳು ಬೆರೆತಿರುವುದರಿಂದ ಸರಾಸರಿ 35.45 ಬರುತ್ತದೆ, 35.45 ತೂಗುವ ಕ್ಲೋರಿನ್ ಪರಮಾಣು ಒಂದೂ ಇಲ್ಲ. ಒಂದು ಮೋಲ್ ಎಂದರೆ 6.02214076 × 10ರ 23ನೇ ಘಾತದಷ್ಟು ಕಣ. 2019ರ ಮೇ 20ರಿಂದ ಈ ಸಂಖ್ಯೆಯೇ ಮೋಲಿನ ವ್ಯಾಖ್ಯೆ. ಅದಕ್ಕೂ ಮುಂಚೆ 12 ಗ್ರಾಂ ಕಾರ್ಬನ್-12ರಲ್ಲಿ ಇರುವಷ್ಟು ಪರಮಾಣು ಎಂದು ಹೇಳುತ್ತಿದ್ದರು. ಶಾಲೆಯ ಲೆಕ್ಕಕ್ಕೆ ಎರಡರಿಂದಲೂ ಒಂದೇ ಉತ್ತರ. ಆ ದೊಡ್ಡ ಸಂಖ್ಯೆಯನ್ನು ಲೆಕ್ಕದಲ್ಲಿ ಬಳಸಬೇಕಾಗುವುದು ಅಪರೂಪ, ಆದ್ದರಿಂದ ಅದಕ್ಕೆ ಹೆದರಬೇಡಿ. ಗ್ರಾಂನಿಂದ ಮೋಲ್, ಸಮೀಕರಣದ ಅನುಪಾತದಲ್ಲಿ ಇನ್ನೊಂದು ವಸ್ತುವಿನ ಮೋಲ್, ಅಲ್ಲಿಂದ ಮತ್ತೆ ಗ್ರಾಂ. ದಾರಿ ಇಷ್ಟೇ.

ಈಗ ಚಿಪ್ಪಿಗೆ ಬನ್ನಿ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಕ್ಯಾಲ್ಸಿಯಂ 40, ಒಂದು ಕಾರ್ಬನ್ 12, ಮೂರು ಆಕ್ಸಿಜನ್ 48, ಒಟ್ಟು 100. ಲೆಕ್ಕ ಕಲಿಯಲಿಕ್ಕೆ ಇಷ್ಟು ಅನುಕೂಲದ ಸಂಯುಕ್ತ ಇನ್ನೊಂದಿಲ್ಲ. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟಾಗ:

ಕ್ಯಾಲ್ಸಿಯಂ ಕಾರ್ಬೊನೇಟ್ 100 ಗ್ರಾಂ → ಸುಟ್ಟ ಸುಣ್ಣ 56 ಗ್ರಾಂ + ಕಾರ್ಬನ್ ಡೈಆಕ್ಸೈಡ್ 44 ಗ್ರಾಂ

ನೀರು ಹಾಕಿ ಅರಳಿಸಿದಾಗ:

ಸುಟ್ಟ ಸುಣ್ಣ 56 ಗ್ರಾಂ + ನೀರು 18 ಗ್ರಾಂ → ಅರಳಿದ ಸುಣ್ಣ 74 ಗ್ರಾಂ

ಸುಟ್ಟ ಸುಣ್ಣ ಕ್ಯಾಲ್ಸಿಯಂ ಆಕ್ಸೈಡ್, ಅರಳಿದ್ದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಸಮೀಕರಣ ಬರೆದ ಕೂಡಲೇ ಎರಡೂ ಬದಿಯ ತೂಕ ಕೂಡಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. 56ಕ್ಕೆ 44 ಕೂಡಿಸಿದರೆ 100, 56ಕ್ಕೆ 18 ಕೂಡಿಸಿದರೆ 74. ಕೂಡಲಿಲ್ಲವೆಂದರೆ ಸಮೀಕರಣ ಸರಿದೂಗಿಲ್ಲ, ಇಲ್ಲವೇ ಮೋಲಾರ್ ರಾಶಿ ತಪ್ಪಿದೆ. ಮುಂದೆ ಹೋಗುವ ಮೊದಲೇ ತಿದ್ದಿಕೊಳ್ಳಬಹುದು.

ಒಣಗಿದ 10 ಕಿಲೋ ಚಿಪ್ಪು, ಅದರಲ್ಲಿ ನೂರಕ್ಕೆ 95 ಪಾಲು ಕಾರ್ಬೊನೇಟ್ ಎಂದುಕೊಳ್ಳಿ. ಅಂದರೆ 9,500 ಗ್ರಾಂ, 95 ಮೋಲ್. ಒಂದಕ್ಕೆ ಒಂದರ ಅನುಪಾತ, ಹಾಗಾಗಿ ಸುಟ್ಟ ಸುಣ್ಣವೂ 95 ಮೋಲ್: 95 × 56 = 5,320 ಗ್ರಾಂ. ಅರಳಿದ ಮೇಲೂ 95 ಮೋಲ್: 95 × 74 = 7,030 ಗ್ರಾಂ. ಕೂಡಿಕೊಂಡ ನೀರು 95 × 18 = 1,710 ಗ್ರಾಂ. ತೂಕ 9.5 ಕಿಲೋದಿಂದ 5.3ಕ್ಕೆ ಇಳಿದು ಮತ್ತೆ 7ಕ್ಕೆ ಏರಿತು, ಮೋಲ್ ಮಾತ್ರ 95ರಲ್ಲೇ ನಿಂತಿತು. ಒಳಗಿರುವ ಕ್ಯಾಲ್ಸಿಯಂ ಎಲ್ಲೂ ಹೋಗಿಲ್ಲ, ಅದರ ಜೊತೆಗಾರರು ಬದಲಾದರು ಅಷ್ಟೆ. "ಒಂದು ಕಿಲೋ ಸುಣ್ಣ" ಎಂದು ಪ್ರಶ್ನೆಯಲ್ಲಿ ಬಂದರೆ ಅದು ಅರೆಬರೆ ಮಾಹಿತಿ. ಸುಟ್ಟ ಸುಣ್ಣವಾದರೆ 17.9 ಮೋಲ್, ಅರಳಿದ ಸುಣ್ಣವಾದರೆ 13.5 ಮೋಲ್. ನೂರಕ್ಕೆ ಮೂವತ್ತಕ್ಕಿಂತ ಹೆಚ್ಚಿನ ವ್ಯತ್ಯಾಸ ಒಂದು ಶಬ್ದದಲ್ಲಿ ಅಡಗಿದೆ.

ಅರಳಿಸುವಾಗ ಮೋಲ್ ಒಂದಕ್ಕೆ ಸುಮಾರು 65 ಕಿಲೋಜೂಲ್ ಶಾಖ ಹೊರಡುತ್ತದೆ. ನೀರು ಕುದಿದು ಸುಣ್ಣ ಕಣ್ಣಿಗೆ ಸಿಡಿಯುವುದು ಇದರಿಂದಲೇ. ಶಾಲೆಯಲ್ಲಿ ಮಾಡಿ ತೋರಿಸುವುದಾದರೆ ಚಮಚದಷ್ಟು ಸಾಕು, ಕನ್ನಡಕ ಕಡ್ಡಾಯ.

ಸುಣ್ಣದ ಕತೆ ಅಲ್ಲಿಗೇ ಮುಗಿಯುವುದಿಲ್ಲ. ಚೀಲದ ಬಾಯಿ ತೆರೆದಿಟ್ಟರೆ ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಕಾರ್ಬೊನೇಟ್ ಆಗುತ್ತದೆ. 74 ಗ್ರಾಂ ಇದ್ದದ್ದು 100 ಗ್ರಾಂ ಆಗುತ್ತದೆ. ತೂಕ ಹೆಚ್ಚುತ್ತಾ ಹೋಗಿ ಶಕ್ತಿ ಕಡಿಮೆಯಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಬ್ಯಾರಲ್ಲಿನ ಹತ್ತಿರ ಬೇಕಾಗುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನಿಮಗೆಲ್ಲ ಗೊತ್ತು. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಿಗಾಗಿ ಮಿಲಾರ್ದೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಪ್ರಕಟಿಸಿದ ಮದ್ದು ಅದು. ಶೇಕಡಾ 1ರ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಈ ಎರಡು "ಒಂದು ಕಿಲೋ"ಗಳನ್ನು ಮೋಲಿಗೆ ತಿರುಗಿಸೋಣ.

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ತಾಮ್ರ 63.5, ಗಂಧಕ 32, ನಾಲ್ಕು ಆಕ್ಸಿಜನ್ 64, ಒಟ್ಟು 159.5. ಇಲ್ಲಿಗೇ ನಿಲ್ಲಿಸುವ ಮಕ್ಕಳು ಬಹಳ. ಆದರೆ 159.5 ಎನ್ನುವುದು ನೀರಿಲ್ಲದ ಬಿಳಿ ಪುಡಿಯ ಲೆಕ್ಕ. ಅಂಗಡಿಯಿಂದ ತರುವ ನೀಲಿ ಹರಳಿನಲ್ಲಿ ತಾಮ್ರದ ಪರಮಾಣು ಒಂದಕ್ಕೆ ಐದು ನೀರಿನ ಅಣು ಕೂಡಿಕೊಂಡಿವೆ. ಐದು ಹದಿನೆಂಟಲೆ 90. ಸರಿಯಾದ ಮೋಲಾರ್ ರಾಶಿ 249.5. ಹಾಗಾಗಿ 1,000 ಗ್ರಾಂ ಹರಳು ಎಂದರೆ 4.0 ಮೋಲ್. 159.5ರಿಂದ ಭಾಗಿಸಿದವರಿಗೆ 6.3 ಮೋಲ್ ಬರುತ್ತದೆ. ಇಲ್ಲದ ತಾಮ್ರವನ್ನು ಕಾಗದದ ಮೇಲೆ ಹುಟ್ಟಿಸಿದಂತೆ. ಬಣ್ಣವೇ ಸುಳಿವು: ನೀಲಿ ಇದ್ದರೆ ನೀರಿದೆ, 249.5.

ತಾಮ್ರದ ಸಲ್ಫೇಟ್ ಒಂದು ಮೋಲ್, ಅರಳಿದ ಸುಣ್ಣ ಒಂದು ಮೋಲ್ ಕೂಡಿದರೆ ತಾಮ್ರದ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಬರುತ್ತವೆ ಎಂದು ಪುಸ್ತಕದ ಸಮೀಕರಣ. ನಿಜವಾದ ಗಷ್ಟಿನಲ್ಲಿ (ನೀರಿನಲ್ಲಿ ಕರಗದೆ ಉಳಿಯುವ ಪುಡಿಯಲ್ಲಿ) ಸ್ವಲ್ಪ ಸಲ್ಫೇಟ್ ತಾಮ್ರದ ಜೊತೆಗೇ ಉಳಿಯುವುದರಿಂದ ಸುಣ್ಣ ಇನ್ನೂ ಕಡಿಮೆ ಸಾಕಾಗುತ್ತದೆ. ಒಂದಕ್ಕೆ ಒಂದು ಎಂದೇ ಹಿಡಿದರೂ 4.0 ಮೋಲ್ ತಾಮ್ರಕ್ಕೆ 4.0 ಮೋಲ್ ಸುಣ್ಣ, ಅಂದರೆ ಅರಳಿದ ಸುಣ್ಣ ಸುಮಾರು 300 ಗ್ರಾಂ ಅಥವಾ ಸುಟ್ಟ ಸುಣ್ಣ ಸುಮಾರು 225 ಗ್ರಾಂ. ಹಾಗಾದರೆ ಹಿರಿಯರು ಒಂದು ಕಿಲೋ ಯಾಕೆ ಹಾಕುತ್ತಾರೆ? ಉಳಿದ 700 ಗ್ರಾಂ ದಂಡವೇ?

ದಂಡ ಅಲ್ಲ. ಇಲ್ಲಿ ಎರಡು ಪ್ರತಿವರ್ತಕಗಳಲ್ಲಿ, ಅಂದರೆ ಕ್ರಿಯೆಯಲ್ಲಿ ಕೂಡುವ ವಸ್ತುಗಳಲ್ಲಿ, ಯಾವುದು ಮೊದಲು ಮುಗಿಯಬೇಕು ಎನ್ನುವುದು ಬಹಳ ಮುಖ್ಯ. ಮೊದಲು ಮುಗಿಯುವುದನ್ನು ಸೀಮಿತ ಪ್ರತಿವರ್ತಕ ಎನ್ನುತ್ತೇವೆ. ತಾಮ್ರ ಪೂರ್ತಿ ಮುಗಿದು ಸುಣ್ಣ ಮಿಕ್ಕರೆ ತೊಂದರೆಯಿಲ್ಲ. ಸುಣ್ಣ ಮೊದಲು ಮುಗಿದರೆ ಕರಗಿದ ತಾಮ್ರ ನೀರಿನಲ್ಲಿ ಉಳಿಯುತ್ತದೆ, ದ್ರಾವಣ ಹುಳಿಯಾಗಿರುತ್ತದೆ, ಎಳೆಯ ಅಡಿಕೆ ಮತ್ತು ಸೋಗೆ ಸುಡುತ್ತದೆ. ಅದರ ಮೇಲೆ ಸುಣ್ಣ ನೀರಿನಲ್ಲಿ ಕರಗುವುದು ಲೀಟರಿಗೆ ಒಂದೂವರೆ ಗ್ರಾಂಗಿಂತ ತುಸು ಹೆಚ್ಚು, ಅಷ್ಟೆ. 50 ಲೀಟರ್ ನೀರಿನಲ್ಲಿ ಕಲಸಿದ ಸುಣ್ಣದ ಹಾಲಿನಲ್ಲಿ ನೂರು ಗ್ರಾಂ ಕೂಡ ಕರಗಿರುವುದಿಲ್ಲ. ಮಿಕ್ಕದ್ದೆಲ್ಲ ತೇಲುವ ಕಣ. ಕಣ ದಪ್ಪವಾಗಿದ್ದರೆ ಹೊರಮೈ ಮಾತ್ರ ಕೆಲಸ ಮಾಡುತ್ತದೆ, ಒಳಗಿನದು ಹಾಗೇ ಉಳಿಯುತ್ತದೆ. ಸುಣ್ಣದ ಹಾಲನ್ನು ಬಟ್ಟೆಯಲ್ಲಿ ಸೋಸುವುದು ಸ್ಪ್ರೇಯರಿನ ನಾಸಲ್ ಕಟ್ಟದಿರಲಿ ಎಂದು ಮಾತ್ರವಲ್ಲ, ಇದಕ್ಕೂ ಹೌದು.

ಈಗ ಹಳೆಯ ಸುಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅರ್ಧದಷ್ಟು ಮೋಲ್ ಗಾಳಿಗೆ ಕೆಟ್ಟು ಕಾರ್ಬೊನೇಟ್ ಆಗಿದೆ ಎಂದುಕೊಳ್ಳೋಣ. ಮೊದಲಿನ 74 ಗ್ರಾಂನಲ್ಲಿ 37 ಗ್ರಾಂ ಒಳ್ಳೆಯ ಸುಣ್ಣ ಉಳಿದಿದೆ, ಉಳಿದ ಅರ್ಧ ಮೋಲ್ 50 ಗ್ರಾಂ ಕಾರ್ಬೊನೇಟ್ ಆಗಿದೆ. ಒಟ್ಟು 87 ಗ್ರಾಂ. ಅಂದರೆ ಇಂಥ ಒಂದು ಕಿಲೋ ಪುಡಿಯಲ್ಲಿ ಒಳ್ಳೆಯ ಸುಣ್ಣ 425 ಗ್ರಾಂ, 5.7 ಮೋಲ್. ಬೇಕಾದದ್ದು 4.0; ಪಾರಾದೆವು. ನಾಲ್ಕರಲ್ಲಿ ಮೂರು ಪಾಲು ಕೆಟ್ಟಿದ್ದರೆ? 18.5 ಗ್ರಾಂ ಒಳ್ಳೆಯದು, 75 ಗ್ರಾಂ ಕಾರ್ಬೊನೇಟ್, ಒಟ್ಟು 93.5. ಒಂದು ಕಿಲೋದಲ್ಲಿ ಒಳ್ಳೆಯ ಸುಣ್ಣ 198 ಗ್ರಾಂ, 2.7 ಮೋಲ್ ಮಾತ್ರ. ಕಾರ್ಬೊನೇಟ್ ಕೂಡ ನಿಧಾನಕ್ಕೆ ತಾಮ್ರವನ್ನು ಹಿಡಿಯುತ್ತದೆ, ಆದರೆ ಕಲಸಿ ಹೊಡೆಯುವ ಅವಸರಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ಅರ್ಧ ಕೆಟ್ಟರೆ ನಡೆಯುತ್ತದೆ, ಮುಕ್ಕಾಲು ಕೆಟ್ಟರೆ ನಡೆಯುವುದಿಲ್ಲ. ಗಡಿ ಆ ನಡುವೆ ಎಲ್ಲೋ ಇದೆ. ಒಂದು ಕಿಲೋ ಎನ್ನುವ ರೂಢಿ ಸುಣ್ಣದ ಗುಣಮಟ್ಟ ಗೊತ್ತಿಲ್ಲದವರನ್ನೂ ಕಾಪಾಡುವಷ್ಟು ಅಂತರ ಇಟ್ಟುಕೊಂಡಿದೆ. ಆದ್ದರಿಂದ ಈ ಲೆಕ್ಕ ಕಲಿತು ಮನೆಗೆ ಹೋಗಿ ಅಪ್ಪಯ್ಯನಿಗೆ "300 ಗ್ರಾಂ ಸಾಕು" ಎಂದು ಹೇಳಬೇಡಿ.

ಕಲಸುವ ಕ್ರಮಕ್ಕೂ ಕಾರಣವಿದೆ. ಮೈಲುತುತ್ತವನ್ನು 50 ಲೀಟರ್‌ನಲ್ಲಿ, ಸುಣ್ಣವನ್ನು 50 ಲೀಟರ್‌ನಲ್ಲಿ ಬೇರೆ ಬೇರೆ ಕಲಸಿ, ತುತ್ತದ ನೀರನ್ನು ಸುಣ್ಣದ ಹಾಲಿಗೆ ಹೊಯ್ಯುತ್ತಾ ತಿರುವಬೇಕು. ಹೀಗೆ ಮಾಡಿದಾಗ ಕಡೆಯ ತನಕವೂ ಬ್ಯಾರಲ್ಲಿನಲ್ಲಿ ಸುಣ್ಣವೇ ಹೆಚ್ಚಿರುತ್ತದೆ, ಗಷ್ಟು ನುಣ್ಣಗೆ ಬರುತ್ತದೆ. ಕಬ್ಬಿಣದ ಡ್ರಮ್ ಬೇಡ, ತಗಡಿನ ಬಕೆಟ್ಟೂ ಬೇಡ. ಕಬ್ಬಿಣದ ಪ್ರತಿ 56 ಗ್ರಾಂ ಕರಗಿ ಹೋಗಿ 63.5 ಗ್ರಾಂ ತಾಮ್ರ ಅದರ ಮೇಲೆ ಕೂರುತ್ತದೆ. ಪಾತ್ರೆ ತೂತು, ಮದ್ದು ದುರ್ಬಲ.

ಇದೇ ಕ್ರಿಯೆ ಪರೀಕ್ಷೆಗೂ ಒದಗುತ್ತದೆ. ಮಾಮೂಲಿ ಕಬ್ಬಿಣದ ಕತ್ತಿಯನ್ನು ತಿಕ್ಕಿ ಹೊಳಪು ಬರಿಸಿ, ಕಲಸಿದ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಕರಗಿದ ತಾಮ್ರ ಉಳಿದಿದೆ. ಇನ್ನಷ್ಟು ಸುಣ್ಣದ ಹಾಲು ಬೇಕು. ಅಲಗು ಬಿಳಿಯಾಗಿಯೇ ಇದ್ದರೆ ಸರಿ. ಸ್ಟೀಲ್ ಚಮಚದಲ್ಲಿ ಈ ಪರೀಕ್ಷೆ ನಂಬುವಂತಿಲ್ಲ, ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡ್ ಪದರ ಅಡ್ಡ ಬರುತ್ತದೆ. ಕೆಂಪು ಲಿಟ್ಮಸ್ ಕಾಗದ ಇದ್ದರೆ ಅದನ್ನೂ ಅದ್ದಿ ನೋಡಿ, ನೀಲಿಯಾಗಬೇಕು. ಸೀಮಿತ ಪ್ರತಿವರ್ತಕ ಯಾವುದು ಎಂಬ ಪ್ರಶ್ನೆಗೆ ಉತ್ತರವನ್ನು ಹೀಗೆ ಕಣ್ಣಿಗೆ ಕಾಣಿಸುವ ಪ್ರಯೋಗ ಪಠ್ಯದಲ್ಲಿ ಸಿಗುವುದು ಅಪರೂಪ. ಶಿಕ್ಷಕರು ದಯವಿಟ್ಟು ಬೀಕರ್‌ನಲ್ಲಿ ಮಾಡಿ ತೋರಿಸಿ: 100 ಮಿಲಿ ಲೀಟರ್‌ಗೆ 1 ಗ್ರಾಂ ತುತ್ತ, ಒಂದು ಬೀಕರಿಗೆ 0.1 ಗ್ರಾಂ ಸುಣ್ಣ, ಇನ್ನೊಂದಕ್ಕೆ 0.5 ಗ್ರಾಂ. ಎರಡಕ್ಕೂ ಒಂದೊಂದು ತಿಕ್ಕಿದ ಮೊಳೆ. ಫಲ ಏನು ಬರಬೇಕು ಎಂದು ಮಕ್ಕಳು ಮೊದಲೇ ಲೆಕ್ಕ ಹಾಕಿ ಬರೆದಿಡಲಿ.

ಸುಣ್ಣ ಎಷ್ಟು ಒಳ್ಳೆಯದು ಎಂದು ಅಳೆಯುವುದು ಪಿಯು ಪ್ರಯೋಗಾಲಯಕ್ಕೆ ತಕ್ಕ ಕೆಲಸ. 0.50 ಗ್ರಾಂ ಸುಣ್ಣದ ಪುಡಿಯನ್ನು ಶಂಕುವಿನಾಕಾರದ ಫ್ಲಾಸ್ಕಿಗೆ ಹಾಕಿ, ಸ್ವಲ್ಪ ನೀರಿನಲ್ಲಿ ಕಲಸಿ, ಸುಮಾರು 8 ಗ್ರಾಂ ಸಕ್ಕರೆ ಕರಗಿಸಿದ 20 ಮಿಲಿ ಲೀಟರ್ ನೀರು ಸೇರಿಸಿ, ಬಿರಡೆ ಹಾಕಿ ಹದಿನೈದು ನಿಮಿಷ ಆಗಾಗ ಕುಲುಕಿ. ಬರಿಯ ನೀರಿನಲ್ಲಿ ಕರಗದ ಸುಣ್ಣ ಸಕ್ಕರೆಯ ಜೊತೆ ಕೂಡಿ ಕರಗುತ್ತದೆ, ಕಾರ್ಬೊನೇಟ್ ಕರಗದೆ ಉಳಿಯುತ್ತದೆ. ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ ಫೀನಾಲ್ಫ್ತಲೀನ್ ಎರಡು ಹನಿ ಹಾಕಿ 0.50 ಮೋಲಾರ್ (ಲೀಟರಿಗೆ 0.50 ಮೋಲ್) ಹೈಡ್ರೋಕ್ಲೋರಿಕ್ ಆಮ್ಲವನ್ನು ಅಳತೆಯ ಕೊಳವೆಯಾದ ಬ್ಯೂರೆಟ್‌ನಿಂದ ಬಿಡಿ. ಗುಲಾಬಿ ಬಣ್ಣ ಮೊದಲ ಸಲ ಮಾಯವಾದಲ್ಲಿ ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ಬಣ್ಣ ಮರಳಿ ಬರಬಹುದು, ಅದನ್ನು ಬೆನ್ನಟ್ಟಬೇಡಿ.

ಬ್ಯೂರೆಟ್ 18.9 ಮಿಲಿ ಲೀಟರ್ ತೋರಿಸಿತು ಎನ್ನಿ. ಆಮ್ಲ: 18.9 × 0.50 = 9.45 ಮಿಲಿ ಮೋಲ್. ಒಂದು ಮೋಲ್ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ಗೆ ಎರಡು ಮೋಲ್ ಆಮ್ಲ ಬೇಕು. ಆದ್ದರಿಂದ ಸುಣ್ಣ 4.73 ಮಿಲಿ ಮೋಲ್, 74ರಿಂದ ಗುಣಿಸಿದರೆ 350 ಮಿಲಿ ಗ್ರಾಂ. 500ರಲ್ಲಿ 350, ನೂರಕ್ಕೆ 70. ಎರಡರಿಂದ ಭಾಗಿಸುವುದನ್ನು ಮರೆತರೆ 699 ಮಿಲಿ ಗ್ರಾಂ ಬರುತ್ತದೆ. 500 ಮಿಲಿ ಗ್ರಾಂ ಪುಡಿಯಲ್ಲಿ 699 ಮಿಲಿ ಗ್ರಾಂ ಸುಣ್ಣ ಇರಲು ಸಾಧ್ಯವೇ? ಇಂಥ ಉತ್ತರಕ್ಕೆ ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗುವುದನ್ನು ನಿಲ್ಲಿಸಬೇಕು. ಲೆಕ್ಕ ಮುಗಿದ ಮೇಲೆ ಹತ್ತು ಸೆಕೆಂಡ್ ಉತ್ತರವನ್ನೇ ನೋಡುತ್ತಾ ಕೂರುವುದು ಯಾವ ಸೂತ್ರಕ್ಕಿಂತಲೂ ಹೆಚ್ಚು ಅಂಕ ಉಳಿಸುತ್ತದೆ.

ಇನ್ನೊಂದು ಮಾತು: ಕ್ಯಾಲ್ಕುಲೇಟರ್ 69.93 ಎಂದು ತೋರಿಸಿದರೂ ಬರೆಯಬೇಕಾದ್ದು 70. ಶಾಲೆಯ ತಕ್ಕಡಿ 0.01 ಗ್ರಾಂ ತನಕ ಓದುತ್ತದೆ. 0.50 ಗ್ರಾಂನಲ್ಲಿ 0.01 ಎಂದರೆ ನೂರಕ್ಕೆ ಎರಡು. ಆ ತಕ್ಕಡಿಯಿಂದ ದಶಮಾಂಶದ ಎರಡನೇ ಸ್ಥಾನ ಹುಟ್ಟುವುದಿಲ್ಲ.

ಆಮ್ಲ ತಯಾರಿಸುವುದು ಹೀಗೆ. ಬಾಟಲಿಯ ಸಾಂದ್ರ ಆಮ್ಲ ತೂಕದಲ್ಲಿ ಶೇಕಡಾ 37, ಮಿಲಿ ಲೀಟರಿಗೆ 1.18 ಗ್ರಾಂ. ಒಂದು ಲೀಟರ್ 1,180 ಗ್ರಾಂ, ಅದರಲ್ಲಿ ಆಮ್ಲ 437 ಗ್ರಾಂ, 36.5ರಿಂದ ಭಾಗಿಸಿದರೆ ಸುಮಾರು 12 ಮೋಲಾರ್. 250 ಮಿಲಿ ಲೀಟರ್ 0.50 ಮೋಲಾರ್‌ಗೆ 0.125 ಮೋಲ್ ಬೇಕು, ಅಂದರೆ 10.4 ಮಿಲಿ ಲೀಟರ್. ಮೊದಲು ನೀರು, ಅದಕ್ಕೆ ಆಮ್ಲ. ತೆರೆದು ಮುಚ್ಚಿ ಹಳೆಯದಾದ ಬಾಟಲಿ 12 ಇರುವುದಿಲ್ಲ, ಹೊಗೆಯಾಡಿ ಇಳಿದಿರುತ್ತದೆ. ಹಾಗಾಗಿ ಒಣ ಸೋಡಿಯಂ ಕಾರ್ಬೊನೇಟ್‌ನಿಂದ ತಾಳೆ ನೋಡಬೇಕು: 0.53 ಗ್ರಾಂಗೆ ಮೀಥೈಲ್ ಆರೆಂಜ್ ಸೂಚಕದೊಂದಿಗೆ 20.0 ಮಿಲಿ ಲೀಟರ್ ಹಿಡಿದರೆ ಆಮ್ಲ ಸರಿಯಾಗಿ 0.50. ಇಲ್ಲಿಯೂ ಅದೇ ಎಚ್ಚರ. ಒಣ ಪುಡಿಗೆ 106, ಹರಳಿನ ವಾಷಿಂಗ್ ಸೋಡಾಕ್ಕೆ 286.

ಕರಾವಳಿಯಿಂದ ಬಂದ ಶಿಕ್ಷಕರಿಗೆ ಒಂದು ಮಾತು. ಕಾರವಾರ, ಕುಮಟೆಯ ಮಳೆಗಾಲದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆ ತೂಗುತ್ತಿರುವಾಗಲೇ ಒದ್ದೆಯಾಗುತ್ತದೆ. 4.00 ಗ್ರಾಂ ತೂಗಿ 0.100 ಮೋಲ್ ಎಂದು ಬರೆಯುವುದು ಅಲ್ಲಿ ಸುಳ್ಳಾಗುತ್ತದೆ. ಅಂದಾಜಿಗೆ ತೂಗಿ, ನಿಜವಾದ ಸಾಮರ್ಥ್ಯವನ್ನು ಆಕ್ಸಾಲಿಕ್ ಆಮ್ಲದಿಂದ ಕಂಡುಕೊಳ್ಳಿ; ಎರಡು ನೀರಿನ ಅಣು ಸೇರಿ ಅದರ ಮೋಲಾರ್ ರಾಶಿ 126. ಸಾಣಿಕಟ್ಟಾದ ಹರಳುಪ್ಪಿಗೂ ಇದೇ ಮಾತು. ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ತೇವ ಎಳೆಯುತ್ತದೆ. ನೂರಕ್ಕೆ ಐದು ಪಾಲು ನೀರಿದ್ದರೆ 58.5 ಗ್ರಾಂ ತೂಗಿದರೂ ಸಿಗುವುದು ಹೆಚ್ಚೆಂದರೆ 0.95 ಮೋಲ್.

ಅನಿಲದ ಲೆಕ್ಕದಲ್ಲಿ ಘಟ್ಟದ ಮೇಲಿನವರು ಎಚ್ಚರವಾಗಿರಬೇಕು. ಒಂದು ಮೋಲ್ ಅನಿಲ 22.4 ಲೀಟರ್ ಎನ್ನುವುದು 0 ಡಿಗ್ರಿ ಸೆಲ್ಸಿಯಸ್, ಒಂದು ವಾತಾವರಣದ ಒತ್ತಡಕ್ಕೆ ಮಾತ್ರ. ಕಾರವಾರದ ಸಮುದ್ರ ಮಟ್ಟದಲ್ಲಿ 30 ಡಿಗ್ರಿಗೆ ಅದು 24.9 ಲೀಟರ್. ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ, ಇಲ್ಲಿ ಒತ್ತಡ ಸುಮಾರು 95 ಕಿಲೋಪಾಸ್ಕಲ್; 25 ಡಿಗ್ರಿಗೆ ಒಂದು ಮೋಲ್ 26 ಲೀಟರ್ ದಾಟುತ್ತದೆ. 0.30 ಗ್ರಾಂ ಚಿಪ್ಪಿನ ಪುಡಿಗೆ 5 ಮಿಲಿ ಲೀಟರ್ 2 ಮೋಲಾರ್ ಆಮ್ಲ ಹಾಕಿ, ಅನಿಲವನ್ನು 100 ಮಿಲಿ ಲೀಟರ್ ಸಿರಿಂಜಿನಲ್ಲಿ ಹಿಡಿದರೆ, ಶೇಕಡಾ 95ರ ಚಿಪ್ಪು ಇಲ್ಲಿ 75 ಮಿಲಿ ಲೀಟರ್ ಕೊಡಬೇಕು. ಅದನ್ನು 22,400ರಿಂದ ಭಾಗಿಸಿದವರಿಗೆ ಚಿಪ್ಪಿನ ಶುದ್ಧತೆ ಶೇಕಡಾ 112 ಬರುತ್ತದೆ. 75ರ ಬದಲು 70 ಬಂದರೆ ಗಾಬರಿ ಬೇಡ, ಆಮ್ಲವೇ ಕೆಲವು ಮಿಲಿ ಲೀಟರ್ ಅನಿಲವನ್ನು ಕರಗಿಸಿಕೊಂಡಿದೆ. ಆಮ್ಲಕ್ಕೆ ಮೊದಲೇ ಒಂದು ಚಿಟಿಕೆ ಚಿಪ್ಪಿನ ಪುಡಿ ಹಾಕಿ ನೊರೆ ನಿಂತ ಮೇಲೆ ಬಳಸಿದರೆ ಆ ನಷ್ಟ ಕಡಿಮೆಯಾಗುತ್ತದೆ.

ಮನೆಗೆ ಒಂದು ಲೆಕ್ಕ. 200 ಲೀಟರಿನ ಬ್ಯಾರಲ್ಲಿಗೆ 2 ಕಿಲೋ ನೀಲಿ ಮೈಲುತುತ್ತ ಹಾಕಿದ್ದಾರೆ. ಮನೆಯಲ್ಲಿರುವ ಅರಳಿದ ಸುಣ್ಣದ ಶುದ್ಧತೆ ಶೇಕಡಾ 70. ತಾಮ್ರ ಪೂರ್ತಿ ಮುಗಿಯಲು ಒಂದಕ್ಕೆ ಒಂದರ ಲೆಕ್ಕದಲ್ಲಿ ಕನಿಷ್ಠ ಎಷ್ಟು ಸುಣ್ಣ ಬೇಕು? 850 ಗ್ರಾಂ ಆಸುಪಾಸು ಬಂದರೆ ಸರಿ. 415 ಬಂದರೆ 0.70ರಿಂದ ಭಾಗಿಸುವ ಕಡೆ ಗುಣಿಸಿದ್ದೀರಿ. 1,325 ಬಂದರೆ ಹರಳಿನ ನೀರನ್ನು ಬಿಟ್ಟಿದ್ದೀರಿ.